ಮರಳಿಗೆ ಇಸ್ತ್ರಿ ಹಾಕಿದವರು ಯಾರು?

ಮಳೆ ಬರೋ ಹಾಗಿದೆ ಅಂದರೆ "ಬರಲ್ಲ ಬಿಡಿ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಕೊಡೆ ಹಿಡಿದು ಹೊರಟವರನ್ನು ನೋಡಿ ನಗುವವರು ಅವರೇ. ಸಂಜೆ ನೆನೆದು ತೊಪ್ಪೆಯಾಗಿ ಬಂದು "ಟವೆಲ್ ಎಲ್ಲಿ?" ಅಂತ ಕೂಗುವವರೂ ಅವರೇ. ನಮ್ಮ ಕಥೆಯ ಮನೆಯಲ್ಲಿ ಆ ಪದವಿ ಇಸ್ತ್ರಿಯಣ್ಣನಿಗೆ ಸೇರಿದ್ದು.

ಇಸ್ತ್ರಿಯಣ್ಣ ಅಂದರೆ ಬಟ್ಟೆಗೆ ಇಸ್ತ್ರಿ ಹಾಕುವವನಲ್ಲ. ಟೆಂಟು, ಟಾರ್ಪಾಲು, ಅಂಗಡಿ ಮುಂದಿನ ನೆರಳಿನ ಬಟ್ಟೆ ಹೊಲಿಯುವ ದರ್ಜಿ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಒಂದೇ ಒಂದು ಸುಕ್ಕು ಕಂಡರೂ ಅವನಿಗೆ ತಡೆಯದು, ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಮನೆಗೆ ಬಂದರೂ ಚಟ ಬಿಡುವುದಿಲ್ಲ. ಹಾಸಿಗೆಯ ಹೊದಿಕೆ ಎಳೆಯುತ್ತಾನೆ, ಕಿಟಕಿಯ ಪರದೆ ಎಳೆಯುತ್ತಾನೆ, ಮಾತಾಡುತ್ತಾ ನಿಂತವರ ಅಂಗಿಯ ತೋಳನ್ನೂ ಎಳೆದು ಸರಿಮಾಡುತ್ತಾನೆ. ಅದನ್ನು ನೋಡಿ ನೋಡಿ ಬೀದಿಯವರೇ ಇಟ್ಟ ಹೆಸರು ಅದು.

ಊರಿಗೆಲ್ಲ ಟೆಂಟು ಹೊಲಿದ ಈ ಮನುಷ್ಯ ತಾನು ಮಾತ್ರ ಒಂದು ದಿನವೂ ಟೆಂಟಿನಲ್ಲಿ ಮಲಗಿದವನಲ್ಲ. ಅವನ ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ, ಸಮುದ್ರವನ್ನು ಒಂದು ಸಲವೂ ಕಂಡಿಲ್ಲ. ಈ ಸಲ ದೂರದಲ್ಲಿರುವ ಅಕ್ಕನ ಮನೆಗೆ ಎಲ್ಲರೂ ಹೊರಟಾಗ ದಾರಿ ಕಡಲ ತೀರದ ಪಕ್ಕದಲ್ಲೇ ಹಾದುಹೋಗುತ್ತದೆ ಅಂತ ಗೊತ್ತಾಯಿತು. ಇಸ್ತ್ರಿಯಣ್ಣನ ತಲೆಯಲ್ಲಿ ದೀಪ ಹೊತ್ತಿಕೊಂಡಿತು.

"ಒಂದು ರಾತ್ರಿ ಸಮುದ್ರದ ದಡದಲ್ಲೇ ತಂಗೋಣ. ಅಮ್ಮನಿಗೆ ಅಂತಾನೇ ಒಂದು ಟೆಂಟ್ ಹೊಲಿತೀನಿ!"

ಹೊಲಿದೇಬಿಟ್ಟ. ಕಿತ್ತಳೆ ಬಣ್ಣದ ಗಟ್ಟಿ ಬಟ್ಟೆ. ಅಮ್ಮ ಬಗ್ಗಬಾರದು ಅಂತ ಎತ್ತರದ ಬಾಗಿಲು, ಅವಳ ಕುರ್ಚಿ ಹಿಡಿಸುವಷ್ಟು ಜಾಗ, ಕುರ್ಚಿಯಲ್ಲಿ ಕೂತರೆ ಸರಿಯಾಗಿ ಕಣ್ಣಿನ ಎದುರಿಗೆ ಬರುವ ಒಂದು ಕಿಟಕಿ. ಅಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿ, "ಗಾಳಿ ಬಂದ್ರೆ ಹಾರಿಹೋಗಲ್ವೇನೋ?" ಅಂದಳು.

"ಆನೆ ಬಂದು ಒದ್ದರೂ ಅಲ್ಲಾಡಲ್ಲಮ್ಮ!" ಅಂದ ಮಗ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಮ್ಮ ನೆನಪಿಟ್ಟುಕೊಂಡಿದ್ದಳು.

ಹೊರಟದ್ದು ನಾದಿನಿಯ ವ್ಯಾನಿನಲ್ಲಿ. ನಾದಿನಿ, ಅಂದರೆ ಹೆಂಡತಿಯ ತಂಗಿ, ಊರಿಂದೂರಿಗೆ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾಳೆ. ಗಾಡಿಯಲ್ಲಿ ರೇಡಿಯೋ ಸದಾ ಹಾಡುತ್ತಿರುತ್ತದೆ, ಅದರ ಜೊತೆಗೆ ಇವಳೂ ಮಾತಾಡುತ್ತಿರುತ್ತಾಳೆ. ಅದಕ್ಕೇ ಭಾವ ಅವಳನ್ನು ಕರೆಯುವುದೇ "ರೇಡಿಯೋ" ಅಂತ. ಇವರಿಬ್ಬರ ಜಗಳ ನೋಡುವುದೆಂದರೆ ಇಸ್ತ್ರಿಯಣ್ಣನ ಮಗಳು ಗುಬ್ಬಿಗೆ ಎಲ್ಲಿಲ್ಲದ ಖುಷಿ.

ಆ ದಿನದ ಆಕಾಶವೋ, ಒಂದು ಗಳಿಗೆ ಇದ್ದ ಹಾಗೆ ಇನ್ನೊಂದು ಗಳಿಗೆ ಇರಲಿಲ್ಲ. ಸುಡುಸುಡು ಬಿಸಿಲು, ಅಷ್ಟರಲ್ಲೇ ಮೋಡ, ನಾಲ್ಕು ಹನಿ, ಮತ್ತೆ ಬಿಸಿಲು. ರೇಡಿಯೋದಲ್ಲಿ ಹಾಡು ನಿಂತು ಹವಾಮಾನ ವರದಿ ಬಂತು. ಸಂಜೆಯ ಹೊತ್ತಿಗೆ ಕಡಲ ಕಡೆಯಿಂದ ಬಲವಾದ ಗಾಳಿ, ಗುಡುಗು ಸಹಿತ ಮಳೆಯ ಸಂಭವ. ಉಬ್ಬರದ ಹೊತ್ತಿನಲ್ಲಿ ಅಲೆಗಳು ಎಂದಿಗಿಂತ ಮೇಲಕ್ಕೆ ಬರಬಹುದು, ತೀರದಲ್ಲಿರುವವರು ಎಚ್ಚರದಿಂದಿರಬೇಕು.

"ಕೇಳಿಸ್ತಾ ಭಾವ?"

"ಕೇಳಿಸ್ತು. ನಿನ್ನೆನೂ ಮಳೆ ಅಂದಿದ್ರು. ನಮ್ಮ ಬೀದೀಲಿ ಒಂದು ಹನಿ ಬಿತ್ತಾ?"

"ಸಂಭವ ಅಂದ್ರೆ ಬಂದೇ ಬರುತ್ತೆ ಅಂತಲ್ಲ ಭಾವ. ಬಂದ್ರೆ ಎಲ್ಲಿಗೆ ಓಡ್ತೀರಿ ಅಂತ ಈಗಲೇ ಯೋಚನೆ ಮಾಡಿಟ್ಟುಕೊಳ್ಳಿ ಅಂತ."

"ಓಡೋದ್ಯಾಕೆ? ಟೆಂಟ್ ಇದೆಯಲ್ಲ!"

ಹಿಂದಿನ ಸೀಟಿನಿಂದ ಅವನ ಹೆಂಡತಿ, "ಇವರಿಗೆ ಹೇಳೋದೂ ಒಂದೇ, ಗಾಡಿ ಚಕ್ರಕ್ಕೆ ಹೇಳೋದೂ ಒಂದೇ" ಅಂದಳು. ಎಲ್ಲರೂ ನಕ್ಕರು.

ಅಷ್ಟರಲ್ಲಿ ರಸ್ತೆ ಒಂದು ತಿರುವು ತೆಗೆದುಕೊಂಡಿತು, ಮರಗಳು ಸರಿದವು, ಸಮುದ್ರ ಕಂಡಿತು.

ಗುಬ್ಬಿ ಕಿರುಚಿದ ರಭಸಕ್ಕೆ ವ್ಯಾನೇ ಅಲ್ಲಾಡಿತು. ಅವಳ ಅಜ್ಜಿ, ಅಂದರೆ ಇಸ್ತ್ರಿಯಣ್ಣನ ಅಮ್ಮ, ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ ಕತ್ತು ತಿರುಗಿಸಿ ನೋಡಿದಳು, ಮತ್ತೆ ಬಲದಿಂದ ಎಡಕ್ಕೆ ನೋಡಿದಳು. ಕೊನೆಗೆ, "ಇಷ್ಟೊಂದಾ!" ಅಂದಳು. ಇಸ್ತ್ರಿಯಣ್ಣ ಹಿಗ್ಗಿ ಹೀರೇಕಾಯಿಯಾದ. ಸಮುದ್ರವನ್ನೂ ತಾನೇ ಹೊಲಿದಿದ್ದೇನೋ ಅನ್ನುವಂತೆ ಎದೆಯುಬ್ಬಿಸಿ ಕೆಳಗಿಳಿದ.

ನಾದಿನಿ ವ್ಯಾನನ್ನು ದಡದ ಮೇಲಿನ ಗಟ್ಟಿ ನೆಲದಲ್ಲಿ, ಮೂತಿ ರಸ್ತೆಯ ಕಡೆಗಿರುವಂತೆ ತಿರುಗಿಸಿ ನಿಲ್ಲಿಸಿದಳು. ಪಕ್ಕದಲ್ಲೇ ಹುಲ್ಲು ಬೆಳೆದ ದಿಬ್ಬ.

"ಟೆಂಟ್ ಇಲ್ಲೇ ಹಾಕೋಣ ಭಾವ. ವ್ಯಾನ್ ಹತ್ತಿರ ಇದೆ, ಎತ್ತರವಾಗೂ ಇದೆ."

ಇಸ್ತ್ರಿಯಣ್ಣ ನೆಲ ನೋಡಿ ಮೂಗು ಮುರಿದ. ಹುಲ್ಲಿನ ಗಂಟು, ಸಣ್ಣ ಕಲ್ಲು, ಉಬ್ಬುತಗ್ಗು. ಇಲ್ಲಿ ಟೆಂಟ್ ಹಾಕಿದರೆ ತಳದ ಬಟ್ಟೆ ಒಣಹಾಕಿದ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಅವನ ಜೀವ ಒಪ್ಪಲಿಲ್ಲ. ದಿಬ್ಬ ಇಳಿದು, ಅಲ್ಲೇ ಸಮುದ್ರ ಸೇರುವ ತೊರೆಯ ಪಕ್ಕದ ಒಂದು ಒಣ ತಗ್ಗು ದಾಟಿ, ಸಮುದ್ರದ ಕಡೆಗೆ ನಡೆದ. ಅಲ್ಲಿ ಅವನ ಕಣ್ಣಿಗೆ ಸ್ವರ್ಗ ಬಿತ್ತು. ಒಂದು ಗೀರಿಲ್ಲ, ಒಂದು ಉಬ್ಬಿಲ್ಲ, ನುಣ್ಣನೆಯ ಬಯಲು ಮರಳು. ಎರಡೂ ಪಕ್ಕ ಮರಳಿನ ದಿನ್ನೆ ಇದ್ದುದರಿಂದ ಗಾಳಿಯೂ ಕಡಿಮೆ.

"ರೇಡಿಯೋ, ಇಲ್ಲಿ ಬಾ! ನೋಡು ನೆಲಾನ! ಯಾರೋ ಇಸ್ತ್ರಿ ಹಾಕಿಟ್ಟ ಹಾಗಿದೆ!"

ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹೌದು ಭಾವ. ಇಸ್ತ್ರಿ ಹಾಕಿದವರು ಯಾರು?"

"ಯಾರು ಅಂದ್ರೆ?"

"ಇಷ್ಟು ನೀಟಾಗಿ ತಾನೇ ತಾನಾಗಿ ಆಗುತ್ತಾ? ಸಮುದ್ರ ಇಲ್ಲೀವರೆಗೆ ಬಂದು ಒರೆಸಿಕೊಂಡು ಹೋಗಿದೆ. ಅಲ್ನೋಡಿ." ಅವಳು ಹಿಂದೆ ಬೆರಳು ಮಾಡಿದಳು. ದಿಬ್ಬದ ಬುಡದಲ್ಲಿ ಒಣಗಿದ ಪಾಚಿ, ಚಿಪ್ಪು, ಕಸಕಡ್ಡಿ, ಒಂಟಿ ಚಪ್ಪಲಿ, ಎಲ್ಲ ಸೇರಿ ಉದ್ದಕ್ಕೂ ಒಂದು ಗೆರೆಯಾಗಿತ್ತು. "ನೀರು ಅಲ್ಲೀವರೆಗೆ ಬಂದು ಅದನ್ನೆಲ್ಲ ಬಿಟ್ಟುಹೋಗಿದೆ. ಆ ಗೆರೆ ಸಮುದ್ರದ ಹೊಸ್ತಿಲು. ನೀವೀಗ ಹೊಸ್ತಿಲು ದಾಟಿ ಅದರ ನಡುಮನೇಲಿ ನಿಂತಿದೀರ."

"ಅದು ಯಾವಾಗಲೋ ಬಂದಿರುತ್ತೆ. ಸಮುದ್ರ ಅಲ್ಲಿದೆ, ನಾವಿಲ್ಲಿದೀವಿ. ನಡುವೆ ಒಂದು ಆಟದ ಮೈದಾನ ಹಿಡಿಸುತ್ತೆ!"

"ಈಗ ಇಳಿತ ಭಾವ, ಅದಕ್ಕೇ ದೂರ ಇದೆ. ಸಂಜೆ ಉಬ್ಬರ. ಅದರ ಮೇಲೆ ಗಾಳಿ ಬೇರೆ ತಳ್ಳಿದ್ರೆ?"

ದಿಬ್ಬದ ಮೇಲಿನ ಚಹಾ ಅಂಗಡಿಯಾಕೆ ಆ ಹೊತ್ತಿಗೇ ತನ್ನ ಬೆಂಚುಗಳನ್ನು ಎತ್ತಿ ಒಳಗಿಡುತ್ತಿದ್ದಳು. ಇವರನ್ನು ಕಂಡು, "ಅಣ್ಣಾ, ಇಂಥ ಹವೆಯಲ್ಲಿ ನಾನು ಬೆಂಚೇ ಹೊರಗಿಡಲ್ಲ, ನೀವು ಮನೇನೇ ಕಟ್ತಿದೀರಲ್ಲ!" ಅಂತ ಕೂಗಿದಳು.

ಇಸ್ತ್ರಿಯಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಕೈ ಆಗಲೇ ಗೂಟ ಬಡಿಯುತ್ತಿತ್ತು. ಬಡಿದದ್ದೂ ಅಂತಿಂಥ ಬಡಿತವಲ್ಲ. ಉದ್ದನೆಯ ಗೂಟ, ಜೋಡಿ ಹಗ್ಗ, ಗಂಟಿನ ಮೇಲೆ ಗಂಟು. ಟೆಂಟ್ ಎದ್ದು ನಿಂತಾಗ ನಿಜವಾಗಿಯೂ ನೋಡುವ ಹಾಗಿತ್ತು. ಹುಡುಕಿದರೂ ಒಂದು ಸುಕ್ಕಿಲ್ಲ. ಹೆಂಡತಿ ಕೂಡ, "ಚೆನ್ನಾಗಿದೆ ಕಣ್ರೀ" ಅಂದಳು. ಆ ಮಾತು ಅವಳ ಬಾಯಿಂದ ಸುಲಭಕ್ಕೆ ಬರುವಂಥದ್ದಲ್ಲ.

ನಾದಿನಿ ಪಟ್ಟು ಬಿಡಲಿಲ್ಲ. "ಸರಿ, ಬೆಳಕಿರೋವರೆಗೆ ಅತ್ತೆ ಇಲ್ಲಿ ಕೂತು ಸಮುದ್ರ ನೋಡಲಿ. ರಾತ್ರಿ ಮಲಗೋದು ಮೇಲೆ. ಹಾಸಿಗೆ, ಬ್ಯಾಗು ಎಲ್ಲ ವ್ಯಾನಲ್ಲೇ ಇರಲಿ. ಗುಡುಗು ಕೇಳಿಸ್ತು ಅಂದ್ರೆ ಮಾತುಕತೆ ಬೇಡ, ಎಲ್ಲರೂ ವ್ಯಾನಿಗೆ. ಒಪ್ಪಿಗೇನಾ?"

"ಆಯ್ತಮ್ಮ ರೇಡಿಯೋ, ಆಯ್ತು" ಅಂದ ಭಾವ, ಅಳುವ ಮಗುವಿಗೆ ಅಂದ ಹಾಗೆ.

ಅಮ್ಮನನ್ನು ಕೈಹಿಡಿದು ನಡೆಸಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು. ಕಿಟಕಿ ಸರಿಯಾಗಿ ಅವಳ ಕಣ್ಣೆದುರಿಗೇ ಬಂತು. ಅಲೆ ಬಂದಾಗಲೆಲ್ಲ ಅವಳು "ಬಂತು ಬಂತು!" ಅನ್ನುವಳು, ಹೋದಾಗಲೆಲ್ಲ "ಹೋಯ್ತಲ್ಲೇ!" ಅನ್ನುವಳು. ಗುಬ್ಬಿ ಹೊರಗೆ ಮರಳಿನ ಮನೆ ಕಟ್ಟಿ, ಕೆಡವಿ, ಕುಣಿದು, ಬಿದ್ದು, ಎದ್ದು, ಮೈಯೆಲ್ಲ ಮರಳಾದಳು. ಚಹಾ ಬಂತು. ಮೋಡದ ಸಂದಿಯಿಂದ ಬಿಸಿಲು ಬಿದ್ದು ನೀರೆಲ್ಲ ಮಿರಮಿರ ಮಿಂಚಿತು. ಇಸ್ತ್ರಿಯಣ್ಣನಿಗೆ ಜೀವನದಲ್ಲಿ ಇನ್ನೇನೂ ಬೇಡ ಅನ್ನಿಸಿತು.

"ಎಲ್ಲಿ ಹೋಯ್ತು ನಿನ್ನ ಮಳೆ?" ಅಂತ ನಾದಿನಿಯನ್ನು ಕೆಣಕಿದ.

ಉತ್ತರ ಆಕಾಶದಿಂದಲೇ ಬಂತು. ದೂರದಲ್ಲಿ ಗುಡುಡುಡು ಅಂತ ಸದ್ದು. ಬಿಸಿಲು ಆರಿಹೋಯಿತು. ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗಿ ಟೆಂಟಿನ ಬಟ್ಟೆಯನ್ನು ಪಟಪಟ ಬಡಿಯಿತು.

"ಏಳಿ, ಎಲ್ಲರೂ ವ್ಯಾನಿಗೆ!" ನಾದಿನಿ ಚಪ್ಪಾಳೆ ತಟ್ಟಿದಳು. ಹೆಂಡತಿ ಗುಬ್ಬಿಯ ಕೈಹಿಡಿದು ಹೊರಟೇಬಿಟ್ಟಳು. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ.

"ಗುಡುಗಿಗೆಲ್ಲ ಹೆದರೋ ವಯಸ್ಸಾ ನಂದು? ಇದು ನನ್ನ ಮಗ ಹೊಲಿದ ಟೆಂಟ್. ಆನೆ ಬಂದು ಒದ್ದರೂ ಅಲ್ಲಾಡಲ್ಲ ಅಂತ ಅವನೇ ಹೇಳಿದಾನೆ. ನೀವು ಬೇಕಾದ್ರೆ ಹೋಗಿ."

"ಅತ್ತೆ, ಟೆಂಟಿಗೆ ಕಬ್ಬಿಣದ ಕೋಲಿದೆ, ಸಿಡಿಲಿಗೆ ಇದು ಜಾಗ ಅಲ್ಲ. ಮುಚ್ಚಿದ ವ್ಯಾನೊಳಗೆ ಕೂತ್ರೆ ಕ್ಷೇಮ. ಬನ್ನಿ."

"ನನ್ನ ಮಗ ಹೇಳಲಿ, ಏಳ್ತೀನಿ."

ನಾದಿನಿ ಭಾವನ ಮುಖ ನೋಡಿದಳು. ಹೇಳಬೇಕಾದ ಮಾತು ಒಂದೇ. ಆದರೆ ಇಸ್ತ್ರಿಯಣ್ಣ ಅಮ್ಮನ ಕಡೆ ತಿರುಗಿದ. ಅಮ್ಮ ಎಷ್ಟು ಹೆಮ್ಮೆಯಿಂದ ಕೂತಿದ್ದಾಳೆ! ಇದೊಂದು ಕಿಟಕಿಗಾಗಿ ಅವನು ಎಷ್ಟು ಸಲ ಬಿಚ್ಚಿ ಹೊಲಿದಿದ್ದಾನೆ! ಏಳು ಅಂದರೆ ತಾನು ಹೊಲಿದದ್ದನ್ನು ತಾನೇ ಅಲ್ಲಗಳೆದ ಹಾಗಲ್ಲವೇ?

"ಗುಡುಗು ಅಲ್ಲೆಲ್ಲೋ ದೂರ ಇದೆ... ಸಮುದ್ರಾನೂ ಅಲ್ಲೇ ಇದೆ... ಇನ್ನೊಂದು ಸ್ವಲ್ಪ ನೋಡೋಣ" ಅಂದ.

"ಅಪ್ಪಾ!" ಗುಬ್ಬಿಯ ಕೂಗು ಹಿಂದಿನಿಂದ ಬಂತು. "ಅಪ್ಪಾ, ನೀರು! ನಿನ್ನ ಹಿಂದೆ!"

ಅವನು ತಿರುಗಿ ನೋಡಿದ. ಇಷ್ಟು ಹೊತ್ತೂ ಎಲ್ಲರ ಕಣ್ಣು ಮುಂದಿನ ಸಮುದ್ರದ ಮೇಲೆ. ನೀರು ಬಂದದ್ದು ಹಿಂದಿನಿಂದ. ದಿಬ್ಬಕ್ಕೂ ಟೆಂಟಿಗೂ ನಡುವೆ ಅವರು ದಾಟಿ ಬಂದ ಆ ಒಣ ತಗ್ಗು ಪಕ್ಕದ ತೊರೆಗೆ ಕೂಡಿಕೊಂಡಿತ್ತು. ಉಬ್ಬರ ತೊರೆಯೊಳಗೆ ನುಗ್ಗಿ, ಸದ್ದಿಲ್ಲದೆ ಸುತ್ತು ಹಾಕಿಕೊಂಡು ಬಂದು ತಗ್ಗನ್ನು ತುಂಬುತ್ತಿತ್ತು. ದಾಟುವ ಆತುರದಲ್ಲಿ ಗುಬ್ಬಿ ಬಿಟ್ಟುಹೋದ ಒಂದು ಚಪ್ಪಲಿ ಅದರ ಮೇಲೆ ತೇಲುತ್ತಿತ್ತು. ಅವಳು ತನ್ನ ಅಮ್ಮನ ಜೊತೆ ಆಚೆ ದಡದಲ್ಲಿ ನಿಂತಿದ್ದಳು. ಇಸ್ತ್ರಿಯಣ್ಣ, ಅಜ್ಜಿ, ನಾದಿನಿ ಈಚೆಗೆ.

ಅಷ್ಟರಲ್ಲಿ ಮುಂದಿನಿಂದಲೂ ಒಂದು ಉದ್ದನೆಯ ಅಲೆ ಬಂತು. ಟೆಂಟಿನ ಬಾಗಿಲವರೆಗೆ ನಾಲಿಗೆ ಚಾಚಿ, ಗುಬ್ಬಿಯ ಮರಳಿನ ಮನೆ, ಎಲ್ಲರ ಹೆಜ್ಜೆ ಗುರುತು ಎಲ್ಲವನ್ನೂ ಒಂದೇ ಸಲಕ್ಕೆ ಒರೆಸಿ ಹಿಂದೆ ಸರಿಯಿತು. ಅದು ಬಿಟ್ಟುಹೋದ ಮರಳಿನ ಮೇಲೆ ಒಂದು ಗೀರಿಲ್ಲ, ಒಂದು ಉಬ್ಬಿಲ್ಲ. ಇಸ್ತ್ರಿ ಹಾಕಿದವರು ಯಾರು ಅಂತ ಇಸ್ತ್ರಿಯಣ್ಣ ಕಣ್ಣಾರೆ ನೋಡಿದ.

ಅವನು ಅಮ್ಮನ ಮುಂದೆ ಮಂಡಿಯೂರಿದ.

"ಅಮ್ಮಾ, ಏಳು. ಹೋಗೋಣ."

"ನೀನೇ ಹೇಳಿದ್ಯಲ್ಲೋ, ಆನೆ ಬಂದು..."

"ಹೇಳಿದ್ದು ತಪ್ಪಮ್ಮ. ಟೆಂಟ್ ಗಟ್ಟಿ ಇದೆ, ನಾನು ಆರಿಸಿದ ಜಾಗ ಗಟ್ಟಿ ಇಲ್ಲ. ನನ್ನ ಹೊಲಿಗೆ ಸಮುದ್ರಾನ ತಡೆಯಲ್ಲ. ನಿನ್ನನ್ನ ಇಲ್ಲಿ ಕೂರಿಸಿದ್ದು ನನ್ನ ತಪ್ಪು. ಏಳಮ್ಮ."

ಅಮ್ಮ ಅವನ ಮುಖವನ್ನೇ ನೋಡಿದಳು. ಕೈ ಚಾಚಿದಳು.

ಏಳಿಸಿ ನಡೆಸಲು ಹೊತ್ತಿರಲಿಲ್ಲ. ಭಾವ ಒಂದು ಕಡೆ, ನಾದಿನಿ ಇನ್ನೊಂದು ಕಡೆ ಹಿಡಿದು ಕುರ್ಚಿಯ ಸಮೇತ ಎತ್ತಿದರು. ತಗ್ಗಿನಲ್ಲಿ ನೀರು ಆಗಲೇ ಮೊಣಕಾಲ ಹತ್ತಿರಕ್ಕೆ ಬಂದಿತ್ತು. ಕಾಲಡಿಯ ಮರಳು ಜಾರುತ್ತಿತ್ತು. "ಮೆಲ್ಲಗೆ ಭಾವ, ಒಟ್ಟಿಗೆ ಹೆಜ್ಜೆ ಹಾಕಿ" ಅಂತ ನಾದಿನಿ ಅನ್ನುತ್ತಲೇ ಇದ್ದಳು. ಅವಳ ಬಾಯಿ ನಿಲ್ಲದಿದ್ದರೆ ಸಾಕಪ್ಪಾ ಅಂತ ಇಸ್ತ್ರಿಯಣ್ಣ ಬೇಡಿಕೊಂಡ ಮೊದಲ ದಿನ ಅದು. ನಡುನೀರಿನಲ್ಲಿ ಅಜ್ಜಿ, "ಅಯ್ಯೋ, ಕಾಲಿಗೆ ಸಮುದ್ರ ತಾಗ್ತು ಕಣ್ರೋ!" ಅಂದಳು. ಆ ಧ್ವನಿಯಲ್ಲಿ ಹೆದರಿಕೆ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು.

ದಿಬ್ಬದ ಮೇಲೆ ಕುರ್ಚಿ ಇಳಿಸಿದ್ದೇ ತಡ, ಇಸ್ತ್ರಿಯಣ್ಣ ಹಿಂದಕ್ಕೆ ತಿರುಗಿದ. "ಗಂಟು ಬಿಚ್ಚಿ ಟೆಂಟ್ ಎಳಕೊಂಡು ಬಂದುಬಿಡ್ತೀನಿ, ಒಂದೇ ನಿಮಿಷ!"

"ಬೇಡ ಭಾವ!"

"ಬೇಡ ಕಣ್ರೀ!"

ಅವನು ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ಆದರೆ ಅಂಗಿ ಹಿಡಿದದ್ದು ಅಮ್ಮ. ಅವನು ಜೀವನವಿಡೀ ಎಳೆದು ಸರಿಮಾಡಿದ ತೋಳನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದಿದ್ದಳು.

"ಟೆಂಟ್ ಇನ್ನೊಂದು ಹೊಲಿಬಹುದು ಮಗಾ. ನಿನ್ನನ್ನ ಯಾರು ಹೊಲಿದುಕೊಡ್ತಾರೆ?"

ಇಸ್ತ್ರಿಯಣ್ಣ ನಿಂತ. ಆಮೇಲೆ ಅಮ್ಮನನ್ನು ಎತ್ತಿಕೊಂಡು ವ್ಯಾನಿನತ್ತ ಓಡಿದ.

ಬಾಗಿಲು ಹಾಕಿ, ಗಾಜು ಏರಿಸಿದರೋ ಇಲ್ಲವೋ, ಕಣ್ಣು ಕೋರೈಸುವ ಮಿಂಚು, ಅದರ ಬೆನ್ನಿಗೇ ವ್ಯಾನು ನಡುಗುವಂಥ ಗುಡುಗು. ಮಳೆ ಬಿಂದಿಗೆಯಲ್ಲಿ ಸುರಿದ ಹಾಗೆ ಸುರಿಯಿತು. ಐದೂ ಜನ ಗಾಜಿಗೆ ಮೂಗು ಒತ್ತಿಕೊಂಡು ನೋಡಿದರು. ಕೆಳಗೆ ಕಿತ್ತಳೆ ಟೆಂಟ್ ಒಂಟಿಯಾಗಿ ನಿಂತಿತ್ತು. ಒಂದು ಅಲೆ ಬಡಿಯಿತು, ನಿಂತಿತು. ಇನ್ನೊಂದು ಬಡಿಯಿತು, ಆಗಲೂ ನಿಂತಿತು. "ನಿಂತಿದೆ, ಅಪ್ಪಾ, ನಿಂತಿದೆ!" ಅಂತ ಗುಬ್ಬಿ ಕುಣಿದಳು. ಮೂರನೆಯ ಅಲೆ ತಳದ ಮರಳನ್ನೇ ತಿಂದುಹಾಕಿತು. ಹೊಲಿಗೆ ಬಿಡಲಿಲ್ಲ, ಗಂಟು ಬಿಚ್ಚಲಿಲ್ಲ. ಗೂಟ, ಹಗ್ಗ, ಬಾಗಿಲು, ಕಿಟಕಿಯ ಸಮೇತ ಇಡೀ ಟೆಂಟ್ ಎದ್ದು, ಉಬ್ಬಿ, ಉರುಳಿಕೊಂಡು ತೊರೆಯ ಕಡೆಗೆ ಹೋಯಿತು.

ಅಮ್ಮ ಅದರೊಳಗೆ ಇದ್ದಿದ್ದರೆ ಅನ್ನುವ ಯೋಚನೆ ಎಲ್ಲರ ತಲೆಯಲ್ಲೂ ಒಂದೇ ಸಲ ಬಂದುಹೋಯಿತು. ಇಸ್ತ್ರಿಯಣ್ಣ ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡಲೂ ಇಲ್ಲ.

ಕೊನೆಗೆ ಅಮ್ಮನೇ ಅಂದಳು, "ಆನೆ ಆಗಿದ್ರೆ ನಿನ್ನ ಟೆಂಟ್ ತಡೀತಿತ್ತು ಬಿಡು."

ನಾದಿನಿಗೆ ನಗು ಉಕ್ಕಿತು. ಆಮೇಲೆ ಎಲ್ಲರಿಗೂ. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗುಡುಗು ನಿಂತು ಬಹಳ ಹೊತ್ತಾದ ಮೇಲೆಯೇ ನಾದಿನಿ ಬಾಗಿಲು ತೆಗೆಯಲು ಬಿಟ್ಟಳು. ಚಹಾ ಅಂಗಡಿಯಾಕೆ ತನ್ನ ಇಟ್ಟಿಗೆ ಮನೆಯೊಳಗೆ ಕರೆದು ಬೆಚ್ಚಗೆ ಮಲಗಲು ಜಾಗ ಕೊಟ್ಟಳು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಿನ್ನೆ ಟೆಂಟ್ ಇದ್ದ ಜಾಗ ಮತ್ತೆ ನುಣ್ಣಗೆ, ಅಲ್ಲಿ ಯಾರೂ ಬಂದೇ ಇರಲಿಲ್ಲ ಅನ್ನುವ ಹಾಗೆ. ಕಿತ್ತಳೆ ಟೆಂಟ್ ತೊರೆಯ ಪಕ್ಕದ ಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಒಳಗೆಲ್ಲ ಮರಳು, ಒಂದು ಕೋಲು ಬಾಗಿತ್ತು, ಬಟ್ಟೆ ಹಿಂಡಿ ಎಸೆದ ಒರೆಸುವ ಬಟ್ಟೆಯಂತೆ ಮುದುಡಿತ್ತು. ಇಸ್ತ್ರಿಯಣ್ಣ ಅದನ್ನು ಕೊಡವಿ ಹೊತ್ತುಕೊಂಡು ನೇರ ದಿಬ್ಬ ಹತ್ತಿದ. ಕಸದ ಗೆರೆಯಿಂದ ಸಾಕಷ್ಟು ಮೇಲೆ, ವ್ಯಾನಿನ ಪಕ್ಕ, ಉಬ್ಬುತಗ್ಗಿನ ಹುಲ್ಲಿನ ಮೇಲೆ ನಿಲ್ಲಿಸಿದ. ನೂರು ಸುಕ್ಕು! ಕೈ ಎಳೆದು ಸರಿಮಾಡಲು ಹೋಯಿತು. ನಡುವೆಯೇ ನಿಂತಿತು.

ಅಮ್ಮ ಕುರ್ಚಿಯಲ್ಲಿ ಕೂತಳು. ಕಿಟಕಿ ಸ್ವಲ್ಪ ಓರೆಯಾಗಿತ್ತು. "ಇಲ್ಲಿಂದ ಇನ್ನೂ ಜಾಸ್ತಿ ಕಾಣುತ್ತಲ್ಲೋ! ಮೊದಲೇ ಇಲ್ಲಿ ಹಾಕೋದಲ್ವಾ?" ಅಂದಳು.

ನಾದಿನಿ ಬಾಯಿ ತೆರೆದಳು. "ನೀನೇನೂ ಹೇಳಬೇಡ" ಅಂದ ಭಾವ. ಆಮೇಲೆ ತಾನೇ, "ಇವತ್ತಿನ ವರದಿ ಏನಂತೆ? ರೇಡಿಯೋ ಹಾಕು. ಕೇಳಿಕೊಂಡೇ ಹೊರಡೋಣ" ಅಂದ. ಹೆಂಡತಿ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಆ ಟೆಂಟ್ ಈಗ ಇಸ್ತ್ರಿಯಣ್ಣನ ಅಂಗಡಿಯ ಮುಂದೆ ತೂಗುತ್ತಿದೆ. ಉಪ್ಪಿನ ಕಲೆ, ಸುಕ್ಕು ಎಲ್ಲ ಹಾಗೇ ಇದೆ. ಟೆಂಟ್ ಕೊಳ್ಳಲು ಬಂದವರು, "ಇದೇನಣ್ಣ, ನಿಮ್ಮ ಅಂಗಡೀಲಿ ಸುಕ್ಕಾ?" ಅಂತ ಕೇಳೇ ಕೇಳುತ್ತಾರೆ. ಅವನು ಕೂರಿಸಿ ಕಥೆ ಹೇಳುತ್ತಾನೆ. ಕಥೆ ಕೇಳದವರಿಗೆ ಟೆಂಟ್ ಕೊಡುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಮುದ್ರ ನೋಡಲು ಖಂಡಿತ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ, ವಯಸ್ಸಾದವರನ್ನು ಮೊದಲು ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಹವಾಮಾನ ವರದಿ ಕೇಳಿ, ತಲುಪಿದ ಮೇಲೆ ಇನ್ನೊಂದು ಸಲ ಕೇಳಿ, ಅಲ್ಲಿಯ ಜನರನ್ನೂ ವಿಚಾರಿಸಿ. ಕಸದ ಗೆರೆ ಎಲ್ಲಿದೆ ಹುಡುಕಿ, ಅದರಿಂದ ಚೆನ್ನಾಗಿ ಮೇಲೆ, ತೊರೆ ಮತ್ತು ತಗ್ಗಿನಿಂದ ದೂರ ಟೆಂಟ್ ಹಾಕಿ. ಕೆಟ್ಟ ಹವೆ ಬಂದರೆ ಎಲ್ಲಿಗೆ ಹೋಗುವುದು ಅಂತ ಬಿಸಿಲಿರುವಾಗಲೇ ಮಾತಾಡಿಕೊಳ್ಳಿ. ಗುಡುಗು ಕೇಳಿಸಿದ ಕೂಡಲೇ ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಹೋಗಿಬಿಡಿ. ಸಾಮಾನಿಗಾಗಿ ಹಿಂದೆ ತಿರುಗಬೇಡಿ.

ದಡದಲ್ಲಿ ನುಣ್ಣನೆಯ ಮರಳು ಕಂಡು ಮನಸ್ಸು ಸೋತರೆ, ಒಂದು ಗಳಿಗೆ ನಿಂತು ಕೇಳಿಕೊಳ್ಳಿ: ಇದಕ್ಕೆ ಇಸ್ತ್ರಿ ಹಾಕಿದವರು ಯಾರು? ಅವರು ಮತ್ತೆ ಬರುತ್ತಾರೆ. ಬಂದಾಗ ನಿಮ್ಮ ಅಮ್ಮ ಅಲ್ಲಿ ಕೂತಿರಬಾರದು.